ಕಡಲ ಮಗ್ಗುಲಿನ ಕಾನೂನು

ಫಲನಿಕೊಗೆ ಹೆದರುವುದಕ್ಕೆ ಕಾರಣ ಬೇಕೆಂದೇನೂ ಇರಲಿಲ್ಲ. ತೆಂಗಿನ ಮರದ ಕೆಳಗೆ ನಿಂತರೆ ಕಾಯಿ ತಲೆ ಮೇಲೆ ಬೀಳುತ್ತದೆಂದು ಹೆದರುತ್ತಿದ್ದ, ದೂರ ನಿಂತರೆ ಬಿಸಿಲಿಗೆ ತಲೆ ಸುತ್ತುತ್ತದೆಂದು ಹೆದರುತ್ತಿದ್ದ. ಇಂಥವನು ಒಂದು ಹಳೆಯ ಪಿಕಪ್ ಗಾಡಿ ಇಟ್ಟುಕೊಂಡು ವೈಫಾತು ಊರಿನ ಕೆಸುವಿನ ಗೆಡ್ಡೆ, ಬಾಳೆಗೊನೆಗಳನ್ನು ಆಪಿಯಾ ಪೇಟೆಗೆ ಸಾಗಿಸುತ್ತಿದ್ದನೆಂದರೆ ಅದು ಅವನ ಧೈರ್ಯವಲ್ಲ, ಹೆಂಡತಿ ಲುಪೆಯ ಧೈರ್ಯ. ಅವಳ ಮಾತು ಮೀರುವ ಹೆದರಿಕೆ ಉಳಿದೆಲ್ಲ ಹೆದರಿಕೆಗಳಿಗಿಂತ ದೊಡ್ಡದಾಗಿತ್ತು.

ಇಂಥ ಹೆದರುಪುಕ್ಕ ಜೀವಮಾನದಲ್ಲಿ ಒಂದೇ ಒಂದು ಸಲ ಜಂಬ ಕೊಚ್ಚಿದ. ಅದೂ ಭಾನುವಾರ, ಅದೂ ಪಾದ್ರಿಗಳ ಮನೆಯ ಊಟದಲ್ಲಿ, ಅದೂ ಊರ ದೊಡ್ಡ ಮುಖ್ಯಸ್ಥ ಲೆಮಾನಾ ಎದುರಿಗೇ ಕೂತಿದ್ದಾಗ.

ಆ ದಿನ ಊಟಕ್ಕಿಂತ ಹೆಚ್ಚಾಗಿ ಎಲ್ಲರೂ ರೇಡಿಯೊದ ಸುದ್ದಿಯನ್ನು ಅಗಿಯುತ್ತಿದ್ದರು. ಸೆಪ್ಟೆಂಬರಿನ ಒಂದು ಸೋಮವಾರ ಬೆಳಗ್ಗೆ ಆರು ಗಂಟೆಗೆ ಸಮೋವಾ ದೇಶದ ವಾಹನಗಳೆಲ್ಲ ರಸ್ತೆಯ ಬಲಗಡೆ ಬಿಟ್ಟು ಎಡಗಡೆಗೆ ಬರಬೇಕಂತೆ. ತಪ್ಪಿದರೆ ಮೊದಲು ಸಾವು, ಆಮೇಲೆ ದಂಡ.

"ಇದಕ್ಕೆಲ್ಲ ಮೂಲ ಇದೆ," ಎಂದು ಸಾಪೊಲು ಶುರುಮಾಡಿದ. ಇವನು ಊರಿನ ಮಾತುಗಾರ. ಮುಖ್ಯಸ್ಥನ ಪರವಾಗಿ ಸಭೆಯಲ್ಲಿ ಕೋಲು ಊರಿ ಭಾಷಣ ಮಾಡುವುದು ಅವನ ವಂಶದ ಹಕ್ಕು. ಹಾಗಾಗಿ ಅವನಿಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿ ಇರುವಂತಿರಲಿಲ್ಲ. "ಇಂಗ್ಲಿಷ್‌ನೋರು ಹಿಂದೆ ಕುದುರೆ ಮೇಲೆ ಹೋಗ್ತಿದ್ರು. ಬಲಗೈಲಿ ಕತ್ತಿ. ಎದುರಿಗೆ ಬಂದೋನನ್ನ ಕಡಿಯೋಕೆ ಸಲೀಸಾಗ್ಲಿ ಅಂತ ಎಡಕ್ಕಿರ್ತಿದ್ರು. ಜರ್ಮನಿಯೋರು ಹಾಗಲ್ಲ. ದೊಡ್ಡ ಗಾಡಿ ಕಟ್ಟಿ, ಎಡಗಡೆ ಕುದುರೆ ಮೇಲೆ ಕೂತು, ಬಲಗೈಲಿ ಚಾವಟಿ ಬೀಸ್ತಿದ್ರು. ಅದಕ್ಕೇ ಬಲಗಡೆ ಹಿಡಿದ್ರು. ನಮ್ಮನ್ನ ಆಳೋಕ್ ಬಂದೋರು ಅವರು. ಆಳಿ ಹೊರಟೋದ್ರು, ಬಲಗಡೇನ ಇಲ್ಲೇ ಬಿಟ್ಟೋದ್ರು."

"ನಮ್ಮತ್ರ ಕತ್ತೀನೂ ಇಲ್ಲ, ಚಾವಟೀನೂ ಇಲ್ಲ," ಎಂದಳು ಲುಪೆ. "ನಾವ್ಯಾಕೆ ಸಾಯ್ಬೇಕು?"

"ನ್ಯೂಜಿಲೆಂಡಲ್ಲಿರೋ ನಿನ್ನ ತಮ್ಮ ಹಳೇ ಕಾರು ಕಳಿಸ್ತೀನಿ ಅಂತಿದ್ನಲ್ಲಮ್ಮ, ಅದಕ್ಕೆ. ಅಲ್ಲೆಲ್ಲ ಎಡಗಡೆ ಓಡ್ಸೋದು. ಅಲ್ಲಿ ಕಾರು ಅಗ್ಗ, ಇಲ್ಲಿ ಜೀವ ಅಗ್ಗ. ಎರಡೂ ಸೇರಿಸಿ ಸರ್ಕಾರ ಲೆಕ್ಕ ಹಾಕಿದೆ."

ಲೆಮಾನಾ ಕೈಯಲ್ಲಿದ್ದ ಪಲುಸಾಮಿಯ ತುತ್ತನ್ನು ಕೆಳಗಿಟ್ಟ. ತೆಂಗಿನಹಾಲು ತುಂಬಿದ ಕೆಸುವಿನೆಲೆಯ ತುತ್ತನ್ನು ಲೆಮಾನಾ ಕೆಳಗಿಟ್ಟನೆಂದರೆ ವಿಷಯ ಗಂಭೀರವೆಂದೇ ಅರ್ಥ. "ಮನೆಗೊಂದು ಹೆಣ ಬೀಳತ್ತೆ," ಎಂದ.

ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ಲುಪೆ ಮಾತ್ರ, "ನನ್ನ ತಮ್ಮ ಆಕ್ಲೆಂಡಲ್ಲಿ ದಿನಾ ಎಡಗಡೆ ಓಡಿಸ್ತಾನಪ್ಪ. ಗಂಡಸು ಅಂದ್ರೆ ಗಂಡಸು," ಎಂದು ಗಂಡನ ಕಡೆ ನೋಡಿದಳು.

ಫಲನಿಕೊಗೆ ಎಲ್ಲಿಂದ ರೋಷ ಬಂತೋ! "ನಾನೇನು ನ್ಯೂಜಿಲೆಂಡ್ ನೋಡಿಲ್ವಾ? ಒಂದು ಸುಗ್ಗಿ ಪೂರ್ತಿ ಎಡಗಡೇಲೇ ಓಡಿಸಿದೀನಿ. ಒಂದು ಕೈಲಿ ಸ್ಟೇರಿಂಗು, ಇನ್ನೊಂದು ಕೈಲಿ ಕೋಕೋ ಲೋಟ. ಒಂದು ಹನಿ ಚೆಲ್ಲಿಲ್ಲ."

ಬಾಯಿಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಅವನು ಸುಗ್ಗಿಗೆ ನ್ಯೂಜಿಲೆಂಡಿಗೆ ಹೋಗಿದ್ದು ನಿಜ. ಅಲ್ಲಿ ಓಡಿಸಿದ್ದು ಸೇಬಿನ ತೋಟದ ಟ್ರ್ಯಾಕ್ಟರು. ಸೇಬಿನ ಮರಗಳ ಎರಡು ಸಾಲಿನ ನಡುವೆ ಆ ತುದಿಯವರೆಗೆ ಹೋಗುವುದು, ಈ ತುದಿಯವರೆಗೆ ಬರುವುದು. ಅಲ್ಲಿ ಎಡವೂ ಇಲ್ಲ, ಬಲವೂ ಇಲ್ಲ, ಎದುರಿಗೆ ಬರುವವರಂತೂ ಇಲ್ಲವೇ ಇಲ್ಲ. ಅಷ್ಟಾಗಿಯೂ ಒಮ್ಮೆ ಒಂದು ಮರಕ್ಕೆ ಗುದ್ದಿದ್ದ.

ಲೆಮಾನಾ ಕೆಳಗಿಟ್ಟ ತುತ್ತನ್ನು ಮತ್ತೆ ಎತ್ತಿಕೊಂಡ. "ಹಾಗಾದ್ರೆ ಊರು ಉಳೀತು. ಫಲನಿಕೊ, ನೀನು ಊರಿಗೆಲ್ಲ ಪಾಠ ಮಾಡು. ಮತ್ತೆ ನಮ್ಮಮ್ಮನ್ನ ಆಸ್ಪತ್ರೆಯಿಂದ ಅದೇ ಸೋಮವಾರ ಮನೆಗೆ ಕಳಿಸ್ತಾರಂತೆ. ನೀನೇ ಕರ್ಕೊಂಡ್ ಬರ್ಬೇಕು. ನಾನೂ ಬರ್ತೀನಿ."

"ಮಂಗಳವಾರ ಆದ್ರೆ..." ಎಂದ ಫಲನಿಕೊ.

"ಆಸ್ಪತ್ರೆ ಗಂಜೀನ ಇನ್ನೊಂದು ದಿನ ಕುಡಿದ್ರೆ ಅದರಿಂದಾನೇ ಸಾಯ್ತೀನಿ ಅಂದಿದಾಳೆ ನಮ್ಮಮ್ಮ."

ಲೆಮಾನಾನ ತಾಯಿ ಫಿಸಾಗಜ್ಜಿಯ ಮಾತಿಗೆ ವೈಫಾತುವಿನಲ್ಲಿ ಮೇಲ್ಮನವಿ ಇರಲಿಲ್ಲ. ಊರೆಲ್ಲ ಲೆಮಾನಾಗೆ ಹೆದರುತ್ತಿತ್ತು, ಲೆಮಾನಾ ಅವನಮ್ಮನಿಗೆ ಹೆದರುತ್ತಿದ್ದ. ಫಲನಿಕೊ ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಮುಖ್ಯಸ್ಥನ ಮುಂದೆ ಸುಳ್ಳಾಡಿದವನನ್ನು ಊರು ಬಿಡಿಸುವ ಪದ್ಧತಿ ಅಲ್ಲಿನದು. ಮನೆ, ತೋಟ, ಅಂಗಳದಲ್ಲಿರುವ ಹಿರಿಯರ ಗೋರಿ ಎಲ್ಲ ಬಿಟ್ಟು, ಹಂದಿಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಡಬೇಕು. ಹೇಳಿದರೆ ಊರು ಹೋಗುತ್ತದೆ, ಹೇಳದಿದ್ದರೆ ಜೀವ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಫಲನಿಕೊ ಎರಡಕ್ಕೂ ಹೆದರಿ ತಲೆಯಾಡಿಸಿಬಿಟ್ಟ.

ಪಾಠ ಮಾಡಬೇಕಾದವನಿಗೆ ಮೊದಲ ತೊಡಕು ಎದುರಾದದ್ದು ಮನೆಯಲ್ಲೇ. ಚಾಪೆಯ ಮೇಲೆ ಕೂತು, ಪಾತ್ರೆಯ ಮುಚ್ಚಳವನ್ನು ಸ್ಟೇರಿಂಗಿನಂತೆ ಹಿಡಿದು, "ಎಡ, ಎಡ" ಎಂದುಕೊಂಡ. ಎಡ ಯಾವುದೆಂದು ತಿಳಿಯಲು ಪ್ರತಿ ಸಲವೂ ಕೈ ನೋಡಿಕೊಳ್ಳಬೇಕಾಗಿತ್ತು. ಚಿಕ್ಕಂದಿನಲ್ಲಿ ತೆಂಗಿನಕಾಯಿ ಸುಲಿಯುವಾಗ ಆದ ಗಾಯದ ಗುರುತು ಇರುವ ಕೈ ಎಡಗೈ. ತಪ್ಪು ಅವನದೊಬ್ಬನದಲ್ಲ. ವೈಫಾತುವಿನಲ್ಲಿ ಯಾರೂ ಎಡ ಬಲ ಎನ್ನುವುದೇ ಇಲ್ಲ. ಕಡಲ ಕಡೆ, ಗುಡ್ಡದ ಕಡೆ, ಅಷ್ಟೇ. "ರೀ, ಸ್ವಲ್ಪ ಗುಡ್ಡದ ಕಡೆ ಸರ್ಕೊಳಿ, ಗುಡಿಸ್ಬೇಕು," ಎಂದೇ ಲುಪೆ ಹೇಳುವುದು. ಹಲ್ಲುನೋವು ಬಂದರೂ ಕಡಲ ಕಡೆಯ ಹಲ್ಲು ಎಂದು ಹೇಳಿಕೊಂಡು ಕೂರುವ ಜನ. ಈ ಜನಕ್ಕೆ ಎಡ ಕಲಿಸುವುದು ಹೇಗೆ?

ಮುಚ್ಚಳ ಹಿಡಿದುಕೊಂಡೇ ರಸ್ತೆಗೆ ಬಂದು ಆಪಿಯಾ ಕಡೆ ಮುಖ ಮಾಡಿ ನಿಂತ. ಗಾಯದ ಕೈ ನೋಡಿಕೊಂಡ. ಆ ಕೈಯ ಕಡೆ ಏನಿದೆ? ಕಡಲು! ಮತ್ತೊಮ್ಮೆ ನೋಡಿದ. ಕಡಲೇ. ಸೇಬಿನ ಮರಕ್ಕೆ ಗುದ್ದಿದ ತಲೆಯಲ್ಲಿ ಇಂಥದ್ದೊಂದು ಹೊಳೆದದ್ದಕ್ಕೆ ಅವನಿಗೇ ಅಚ್ಚರಿಯಾಯಿತು.

ಊರ ಸಭೆಯಲ್ಲಿ ಮುಖ್ಯಸ್ಥರೆಲ್ಲ ತಮ್ಮ ತಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಫಲನಿಕೊ ಎದ್ದ. "ದೊಡ್ಡೋರೇ, ನ್ಯೂಜಿಲೆಂಡಿನ ವಿದ್ಯೆ ಒಂದೇ ಮಾತಲ್ಲಿ ಹೇಳ್ತೀನಿ. ಎಡ ಅಂದ್ರೆ ಕಡಲು. ಗಾಡಿ ಕಡಲ ಕಡೆ ಇರ್ಬೇಕು. ಮುಗೀತು."

ಸಭೆಯಲ್ಲಿ ನಿಟ್ಟುಸಿರು ಹೊರಟಿತು. ಇಷ್ಟೇನಾ! ಇದಕ್ಕೆ ಸರ್ಕಾರ ಅಷ್ಟೊಂದು ಫಲಕ, ಅಷ್ಟೊಂದು ಬಾಣದ ಗುರುತು ಬರೆಸಿತ್ತಲ್ಲ! ಸಾಪೊಲು ಕೋಲು ಊರಿ, ಕಡಲು ನಮ್ಮ ಪೂರ್ವಿಕರ ದಾರಿಯೆಂದೂ, ಅದನ್ನು ಬಿಟ್ಟು ಬಲಗಡೆ ಹೋಗಿದ್ದೇ ಇಷ್ಟು ದಿನದ ಕಷ್ಟಗಳಿಗೆಲ್ಲ ಕಾರಣವೆಂದೂ ಊಟದ ಹೊತ್ತಿನವರೆಗೆ ಮಾತಾಡಿದ. ಲೆಮಾನಾ ಅಪ್ಪಣೆ ಕೊಟ್ಟ. ಗಾಡಿಗಳೆಲ್ಲ ಕಡಲ ಮಗ್ಗುಲಲ್ಲೇ ಹೋಗಬೇಕೆಂಬುದು ಅಂದಿನಿಂದ ವೈಫಾತುವಿನ ಕಾನೂನಾಯಿತು.

ಹೋಗುವಾಗೇನೋ ಸರಿ, ವಾಪಸು ಬರುವಾಗ ಕಡಲು ಯಾವ ಕಡೆ ಇರುತ್ತದೆ ಎಂದು ಒಬ್ಬರಾದರೂ ಕೇಳಬೇಡವೇ? ಕೇಳಲಿಲ್ಲ. ಪೇಟೆಗೆ ಹೋಗುವುದು ಒಂದು ಕೆಲಸ. ವಾಪಸು ಬರುವುದನ್ನು ಆ ಊರಲ್ಲಿ ಯಾರೂ ಕೆಲಸವೆಂದು ಎಣಿಸಿರಲಿಲ್ಲ. ಅಲ್ಲದೆ ಲೆಮಾನಾ ಒಪ್ಪಿದ ಮೇಲೆ ಪ್ರಶ್ನೆ ಕೇಳುವುದು ಮರ್ಯಾದೆಯೂ ಅಲ್ಲ.

ಸೆಪ್ಟೆಂಬರು ಹತ್ತಿರ ಬಂದಂತೆ ಫಲನಿಕೊನ ಮೈ ಇಳಿಯಿತು. ಬಸ್ಸುಗಳ ಬಾಗಿಲು ಬಲಗಡೆಗಿವೆ, ಇನ್ನು ಮೇಲೆ ಜನ ಇಳಿದರೆ ನಡುರಸ್ತೆಗೇ ಇಳಿಯಬೇಕು ಎಂದು ರೇಡಿಯೊ ಹೇಳಿತು. ಪಾದ್ರಿಗಳು ಪ್ರತಿ ಪ್ರಾರ್ಥನೆಯಲ್ಲೂ 'ನಮ್ಮನ್ನು ಅಗಲಲಿರುವ ಪ್ರಯಾಣಿಕರು' ಎಂಬ ಮಾತು ಸೇರಿಸಿ ಫಲನಿಕೊನ ಕಡೆ ಕರುಣೆಯಿಂದ ನೋಡತೊಡಗಿದರು. ಬೇಯಿಸಿದ ಗೆಡ್ಡೆ ತಟ್ಟೆಯಲ್ಲೇ ಉಳಿಯುತ್ತಿತ್ತು. ಕಣ್ಣು ಮುಚ್ಚಿದರೆ ಎದುರಿನಿಂದ ಬಸ್ಸು ಬರುತ್ತಿತ್ತು.

ಒಂದು ಬೆಳಗ್ಗೆ ಎದ್ದು ನೋಡಿದರೆ ಲುಪೆ ಅಂಗಳದಲ್ಲಿ ತನ್ನ ಅಪ್ಪನ ಗೋರಿಯ ಪಕ್ಕ ಗುಡಿಸಿ, ಹಲಸಿನಂಥ ಕಾಯಿ ಬಿಡುವ ಮರದ ಬೇರಿನವರೆಗೆ ಗೇಣು ಹಾಕುತ್ತಿದ್ದಳು.

"ಏನೇ ಅಳೀತಿದೀಯ?"

"ಏನಿಲ್ಲ ಬಿಡ್ರಿ." ಅವಳು ಸೆರಗಿನಂತೆ ಹೊದ್ದಿದ್ದ ಬಟ್ಟೆಯಿಂದ ಕಣ್ಣೊರೆಸಿಕೊಂಡಳು. "ಜಾಗ ಸಾಕಾಗತ್ತೆ. ನೀವು ಸ್ವಲ್ಪ ಕುಳ್ಳಗಿರೋದು ಒಳ್ಳೇದೇ ಆಯ್ತು."

ಸೋಮವಾರ ಬಂದೇ ಬಂತು. ಅಂದು ದೇಶಕ್ಕೆಲ್ಲ ರಜೆ. ನಸುಕಿನಲ್ಲೇ ವೈಫಾತು ಊರಿಗೆ ಊರೇ ರಸ್ತೆಯಂಚಿನಲ್ಲಿ ಹಾಡು ಹೇಳುತ್ತ ನಿಂತಿತ್ತು. ಹಾಡು ಮಾತ್ರ ಮದುವೆಯದಲ್ಲ, ಶವಸಂಸ್ಕಾರದ್ದು. ಲೆಮಾನಾ ಮುಂದಿನ ಸೀಟಿನಲ್ಲಿ ಬೀಸಣಿಗೆ ಹಿಡಿದು ಕೂತ. ಹಿಂದಿನ ತೆರೆದ ಭಾಗದಲ್ಲಿ ಸಾಪೊಲು ಕೋಲು ಊರಿ ನಿಂತ. ಫಲನಿಕೊನ ಕೈ ಸ್ಟೇರಿಂಗಿಗೆ ಅಂಟಿಕೊಂಡಿತ್ತು. ಲುಪೆ ಕಿಟಕಿಯ ಹತ್ತಿರ ಬಂದು, "ಬಂದ್ಬಿಡ್ರಿ," ಎಂದಳು. ಅಷ್ಟೇ ಅಂದಳು. ಬೈಗುಳವಿಲ್ಲದ ಮಾತು ಅವಳ ಬಾಯಿಂದ ಬಂದದ್ದು ಕೇಳಿ ಅವನಿಗೆ ತನ್ನ ಸಾವು ಖಾತ್ರಿಯಾಯಿತು.

ಚರ್ಚಿನ ಗಂಟೆ ಹೊಡೆಯಿತು. ರೇಡಿಯೊ, "ಈಗ ಎಡಕ್ಕೆ," ಎಂದಿತು. ಗಾಡಿ ಕಡಲ ಕಡೆಗೆ ಸರಿಯಿತು. ಸ್ಟೇರಿಂಗು ಎಡಕ್ಕಿದ್ದ ಹಳೆಯ ಗಾಡಿಯಾದ್ದರಿಂದ ಫಲನಿಕೊಗೆ ಕಡಲು ಕಿಟಕಿಯೊಳಗೇ ನುಗ್ಗಿದಂತಾಯಿತು. ಅವರು ಹೋದ ವೇಗಕ್ಕೆ ಕೋಳಿಗಳು ಗಾಡಿಯನ್ನು ಹಿಂದೆ ಹಾಕಿದವು. ಎದುರಿಗೆ ಬಂದ ಗಾಡಿಗಳೂ ಹಾಗೇ ತೆವಳುತ್ತಿದ್ದವು. ಒಬ್ಬ ಚಾಲಕನಂತೂ ಕಣ್ಣು ಮುಚ್ಚಿಕೊಂಡೇ ಬರುತ್ತಿದ್ದ. ಆದರೂ ಎಲ್ಲರೂ ಅವರವರ ಕಡೆ ಸರಿಯಾಗಿಯೇ ಹೋದರು. ಫಲನಿಕೊ ಕಡಲಿನ ಪಕ್ಕ, ಎದುರಿನಿಂದ ಬಂದವರು ಗುಡ್ಡದ ಪಕ್ಕ.

ಆಪಿಯಾದಲ್ಲಿ ಜನ ಸಾವು ನೋಡಲು ಕೊಡೆ, ಚಾಪೆ, ಬುತ್ತಿ ಸಮೇತ ಬಂದು ಕೂತಿದ್ದರು. ಒಂದು ಗೀರೂ ಆಗದ ಗಾಡಿ ಕಂಡು ಅವರಿಗೆ ನಿರಾಸೆಯಾಯಿತು. ಲೆಮಾನಾನ ಎದೆ ಮಾತ್ರ ಉಬ್ಬಿತು. "ಕಂಡ್ಯಾ? ನಮ್ಮೂರ ಕಾನೂನು!" ಎಂದ. ವಾರಗಳಿಂದ ಬಿಗಿಹಿಡಿದಿದ್ದ ಉಸಿರನ್ನು ಫಲನಿಕೊ ಬಿಟ್ಟ. ಆಸ್ಪತ್ರೆಯ ಮುಂದೆ ಕರಿದ ಹಿಟ್ಟಿನುಂಡೆ ತಗೊಂಡು ಎರಡು ಕೈಯಲ್ಲೂ ತಿಂದ. ಬಾಳು ಇಷ್ಟು ರುಚಿಯಾಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಫಿಸಾಗಜ್ಜಿಯನ್ನು ಇಬ್ಬರು ದಾದಿಯರು ಹಿಡಿದು ತಂದರು. ಹಕ್ಕಿಯಷ್ಟು ದೇಹ, ಚರ್ಚಿನ ಗಂಟೆಯಂಥ ದನಿ. "ಮೆಲ್ಲಗೆ ಹಿಡೀರೇ, ನಾನೇನು ಮೂಟೇನಾ?" ಎನ್ನುತ್ತ ಮಗನಿಗೂ ಫಲನಿಕೊಗೂ ನಡುವೆ ಕೂತಳು.

ಪೇಟೆ ದಾಟಿ ಗಾಡಿ ವೈಫಾತುವಿನ ದಾರಿಗೆ ತಿರುಗಿತು. ಮುಂದೆ ನೋಡಿದ ಫಲನಿಕೊಗೆ ಏನೋ ಸರಿಯಿಲ್ಲ ಅನ್ನಿಸಿತು. ಗಾಯದ ಕೈ ನೋಡಿಕೊಂಡ. ಆ ಕೈಯ ಕಡೆ ಗುಡ್ಡ ಇತ್ತು. ಕಡಲು ಲೆಮಾನಾನ ಕಿಟಕಿಗೆ ಹೋಗಿಬಿಟ್ಟಿತ್ತು.

"ಯಾಕೋ ಗುಡ್ಡದ ಕಡೆ ಹೋಗ್ತಿದೀಯ?" ಎಂದ ಲೆಮಾನಾ.

"ದೊಡ್ಡೋರೇ... ಕಡಲು..."

"ಕಡಲಿಗೇನಾಯ್ತು?"

"ಆ ಕಡೆ ಇದೆ."

"ಎಲ್ಲಿರ್ಬೇಕೋ ಅಲ್ಲೇ ಇದೆ. ನೀನು ಅಲ್ಲಿಗೆ ಹೋಗು. ಸಭೇಲಿ ಅಪ್ಪಣೆ ಆಗಿದೆ."

ಅಪ್ಪಣೆ ಆಗಿದೆ. ಹೇಳಿಕೊಟ್ಟವನೂ ತಾನೇ. ಫಲನಿಕೊ ಮನಸ್ಸಿನಲ್ಲೇ ಲುಪೆಗೆ ಕೈಮುಗಿದು, ಸ್ಟೇರಿಂಗನ್ನು ಕಡಲಿನ ಕಡೆಗೆ ತಿರುಗಿಸಿದ. ತಿರುವಿನಲ್ಲಿ ಬಸ್ಸು ಬಂತು. ಕನಸಿನಲ್ಲಿ ಬರುತ್ತಿದ್ದ ಬಸ್ಸೇ. ಹಳದಿ ಬಣ್ಣ, ಮರದ ಮೈ, ಜೋರು ಹಾಡು, ಒಬ್ಬರ ತೊಡೆಯ ಮೇಲೆ ಒಬ್ಬರು ಕೂತ ಜನ. ಅದು ತನ್ನ ಎಡಕ್ಕೆ, ಕಡಲಿನ ಪಕ್ಕಕ್ಕೇ, ಬರುತ್ತಿತ್ತು.

ಫಲನಿಕೊ ಎರಡು ಕಾಲನ್ನೂ ಬ್ರೇಕಿನ ಮೇಲಿಟ್ಟು, "ಲುಪೇ!" ಎಂದು ಚೀರಿದ. ಬಸ್ಸಿನವನೂ ಯಾವುದೋ ಹೆಂಗಸಿನ ಹೆಸರು ಕೂಗಿದ. ಎರಡೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತವು. ಹಿಂದೆ ನಿಂತಿದ್ದ ಸಾಪೊಲು ಕೋಲಿನ ಸಮೇತ ಕೂತ. ಬಸ್ಸಿನ ಜನ ಬಾಗಿಲು ಬಿಟ್ಟು ಕಿಟಕಿಗಳಿಂದ ಸುರಿದರು.

"ಕಣ್ಣಿಲ್ವೇನೋ ಹಂದಿ!" ಎಂದು ಬಸ್ಸಿನವನು ತೋಳೇರಿಸಿ ಬಂದ. ಮುಂದಿನ ಸೀಟಿನಲ್ಲಿ ಬೀಸಣಿಗೆ ಹಿಡಿದ ದೊಡ್ಡ ಮುಖ್ಯಸ್ಥನನ್ನು ಕಂಡೊಡನೆ ತೋಳು ಇಳಿಸಿ, "ಕ್ಷಮಿಸ್ಬೇಕು ದೊಡ್ಡೋರೇ. ತಮ್ಮ ಗಾಡೀನ ನಮ್ಮ ಬಸ್ಸು ನೋಡ್ಲಿಲ್ಲ," ಎಂದ.

ಬಿಳಿ ಕೈಗವಸು ಹಾಕಿದ ಪೊಲೀಸಿನವನು ಸೀಟಿ ಊದುತ್ತ ಓಡಿ ಬಂದ. ಅವನಿಗೂ ಅದೇ ಕಷ್ಟ. ಸೀಟಿ ಬಾಯಿಂದ ಬಿತ್ತು. "ದೊಡ್ಡೋರಿಗೆ ನಮಸ್ಕಾರ. ಹೇಳೋಕ್ ನಾಚಿಕೆ ಆಗತ್ತೆ. ಸರ್ಕಾರದ ಕಾನೂನು ಎಡಗಡೆ ಅಂತ..."

"ನಮ್ಮೂರ ಕಾನೂನೂ ಅದೇ ಕಣಯ್ಯ. ಎಡ ಅಂದ್ರೆ ಕಡಲು. ಇಗೋ, ಇವನು ನ್ಯೂಜಿಲೆಂಡಲ್ಲಿ ಒಂದು ಸುಗ್ಗಿ ಓಡಿಸಿದೋನು. ಕೇಳು ಅವನನ್ನೇ."

ಪೊಲೀಸಿನವನು, ಬಸ್ಸಿನವನು, ಕಿಟಕಿಯಿಂದ ಇಳಿದವರು, ಇಳಿಯಲಾಗದೆ ಕಿಟಕಿಯಲ್ಲೇ ಸಿಕ್ಕಿಕೊಂಡವರು ಎಲ್ಲರೂ ಫಲನಿಕೊನ ಕಡೆ ತಿರುಗಿದರು.

"ನ್ಯೂಜಿಲೆಂಡಲ್ಲಿ ಎಲ್ಲಿ ಓಡಿಸಿದ್ರಿ?" ಎಂದ ಪೊಲೀಸಿನವನು.

ಫಲನಿಕೊನ ಕಣ್ಣ ಮುಂದೆ ಹಂದಿಮರಿಗಳು ಬಂದವು. ಎರಡೂ ಕಂಕುಳಲ್ಲಿ ಹಂದಿಮರಿ, ಮುಂದೆ ಲುಪೆ, ಹಿಂದೆ ಕಲ್ಲು ತೂರುವ ಊರು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? "ಅದು... ಸೇ..." ಎಂದು ಬಾಯಿ ತೆರೆದ.

"ಬಾಯ್ಮುಚ್ಚೋ ಫಲನಿಕೊ," ಎಂದಳು ಫಿಸಾಗಜ್ಜಿ. ಅವನು ಮುಚ್ಚಿದ. ಸುತ್ತಲಿನವರೂ ಅಭ್ಯಾಸವಿಲ್ಲದಿದ್ದರೂ ಮುಚ್ಚಿದರು.

"ಮಗಾ ಲೆಮಾನಾ, ನೀನು ಮಾಡಿದ ಕಾನೂನು ತಪ್ಪಾ?"

"ಎಲ್ಲಾದ್ರೂ ಉಂಟಾ ಅಮ್ಮಾ?"

"ಏನಪ್ಪಾ ಪೊಲೀಸು, ಸರ್ಕಾರ ಮಾಡಿದ್ದು ತಪ್ಪಾ?"

"ಇಲ್ಲಜ್ಜಿ."

"ನೀನೂ ತಪ್ಪಲ್ಲ, ಸರ್ಕಾರಾನೂ ತಪ್ಪಲ್ಲ. ಅಂದ್ರೆ ಗಾಡಿ ಮೂತಿ ತಪ್ಪು. ಆ ಕಡೆ ತಿರುಗ್ಸು. ಕಡಲೂ ಸಿಗತ್ತೆ, ಎಡಾನೂ ಸಿಗತ್ತೆ."

ಲೆಮಾನಾ ಬೀಸಣಿಗೆ ನಿಲ್ಲಿಸಿದ. "ಆ ಕಡೆ ಹೋದ್ರೆ ನಮ್ಮೂರು ಬರಲ್ಲಮ್ಮಾ."

"ಇದು ದ್ವೀಪ ಕಣೋ! ಊರು ತಪ್ಪಿಸ್ಕೊಂಡು ಎಲ್ಲಿಗೆ ಹೋಗತ್ತೆ? ಸುತ್ತು ಹಾಕಿದ್ರೆ ಸಿಕ್ಕೇ ಸಿಗತ್ತೆ. ದಾರಿ ಪೂರ್ತಿ ಕಡಲು ಎಡಕ್ಕೇ ಇರತ್ತೆ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪೊಲೀಸಿನವನು ಸಂತೋಷದಿಂದ ಸಲಾಮು ಹೊಡೆದ. ಲೆಮಾನಾ ಗಂಭೀರವಾಗಿ ಮತ್ತೆ ಬೀಸಣಿಗೆ ಆಡಿಸುತ್ತ, "ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದ. ಬಸ್ಸಿನ ಜನ ಸೇರಿ ಗಾಡಿಯನ್ನು ಎತ್ತಿ ತಿರುಗಿಸಿ ಕೊಟ್ಟರು.

ಹೀಗೆ ಪಕ್ಕದ ಊರಿಗೆ ಹೋಗುವಷ್ಟು ದೂರದಲ್ಲಿದ್ದ ಮನೆಗೆ ಹೋಗಲು ಅವರು ಇಡೀ ಉಪೊಲು ದ್ವೀಪವನ್ನು ಸುತ್ತಲು ಹೊರಟರು. ಲೆಮಾನಾ ಪೇಟೆ ದಾಟುವ ಮೊದಲೇ ಗೊರಕೆ ಹೊಡೆದ. ಹಿಂದೆ ಸಾಪೊಲು ತಾನು ಬದುಕಿರುವುದನ್ನು ಕುರಿತು ಒಂದು ಭಾಷಣ ತಯಾರಿಸುತ್ತಿದ್ದ. ರಸ್ತೆ ಕಡಲನ್ನು ಬಿಟ್ಟು ಘಾಟಿ ಹತ್ತಿತು. ಎರಡೂ ಕಡೆ ಕಾಡು. ಫಲನಿಕೊ ಗಾಡಿ ನಿಲ್ಲಿಸಿಬಿಟ್ಟ.

"ಏನಾಯ್ತು?" ಎಂದಳು ಅಜ್ಜಿ.

"ಅಜ್ಜಿ, ಕಡಲು ಕಾಣ್ತಿಲ್ಲ."

"ತೆಂಗಿನಕಾಯಿ ಸುಲಿಯೋಕೆ ಹೋಗಿ ಕೈ ಕುಯ್ಕೊಂಡು ಅತ್ಕೊಂಡು ಬಂದಿದ್ಯಲ್ಲ, ನಾನೇ ಬಟ್ಟೆ ಕಟ್ಟಿದ್ದು. ಆ ಕೈ ಕಡೆ ಹೋಗು. ಕಡಲು ಆಮೇಲೆ ಬರತ್ತೆ." ಗಾಡಿ ಹೊರಟ ಮೇಲೆ ಅಜ್ಜಿ ದನಿ ತಗ್ಗಿಸಿದಳು. "ಈಗ ಹೇಳು. ನ್ಯೂಜಿಲೆಂಡಲ್ಲಿ ಏನು ಓಡಿಸಿದೆ? ಸುಳ್ಳು ಹೇಳಿದ್ರೆ ನಿಮ್ಮಪ್ಪಂಗೂ ಹೀಗೇ ಕಿವಿ ಕೆಂಪಗಾಗೋದು."

ಫಲನಿಕೊಗೆ ಅಳು ಬಂತು. "ಟ್ರ್ಯಾಕ್ಟರು, ಅಜ್ಜಿ. ಸೇಬಿನ ತೋಟದಲ್ಲಿ. ಕೋಕೋ ಲೋಟಾನೂ ಇರ್ಲಿಲ್ಲ."

ಅಜ್ಜಿ ಹಕ್ಕಿಯಂಥ ಮೈ ಕುಲುಕಿಸಿ ನಕ್ಕಳು. ನಗು ನಿಂತ ಮೇಲೆ, "ನನ್ನ ಮಗನಿಗೆ ಹೇಳ್ಬೇಡ. ಎಚ್ಚರಾದ್ರೆ ಗಾಡಿ ತಿರುಗ್ಸು ಅಂತಾನೆ. ಮುಂದೆ ನನ್ನ ತವರಿದೆ," ಎಂದಳು.

ಘಾಟಿ ಇಳಿದಾಗ ಅಜ್ಜಿ ಹೇಳಿದ ಮಾತಿನಂತೆ ಕಡಲು ಎಡಕ್ಕೇ ಬಂದು ನಿಂತಿತ್ತು. ಅಲೈಪಾತಾ ಸೀಮೆಯ ಸಣ್ಣದೊಂದು ಊರಿನ ಮುಂದೆ ಅಜ್ಜಿ ಗಾಡಿ ನಿಲ್ಲಿಸಲು ಹೇಳಿದಳು. ಅವಳ ತಂಗಿಯ ಮಕ್ಕಳು, ಮೊಮ್ಮಕ್ಕಳು ಓಡಿ ಬಂದು ಮುತ್ತಿಕೊಂಡರು. ಅಜ್ಜಿ ಯಾರನ್ನೂ ಗಮನಿಸದೆ ನೇರ ಊರಿನ ನೀರ ಬುಗ್ಗೆಗೆ ನಡೆದಳು. ಬಗ್ಗಿ ಮುಖ ತೊಳೆದುಕೊಂಡಳು. ಮತ್ತೆ ತೊಳೆದಳು. ಕಣ್ಣೀರು ಎಷ್ಟು, ಬುಗ್ಗೆಯ ನೀರು ಎಷ್ಟು ಎಂದು ಯಾರಿಗೂ ತಿಳಿಯಲಿಲ್ಲ. ನೋಡುತ್ತ ನಿಂತ ಫಲನಿಕೊಗೆ ಆ ಕ್ಷಣ ಹೆದರುವುದೇ ಮರೆತುಹೋಗಿತ್ತು.

ಎಚ್ಚರಗೊಂಡು ಇಳಿದು ಬಂದ ಲೆಮಾನಾ ಪೆಚ್ಚಾಗಿ ನಿಂತ. "ಅಮ್ಮಾ, ಬರ್ಬೇಕು ಅಂತ ಹೇಳಿದ್ರೆ ನಾನು ಕರ್ಕೊಂಡ್ ಬರ್ತಿರ್ಲಿಲ್ವಾ?"

"ನಿಮ್ಮಪ್ಪ ಇದ್ದಾಗಿಂದ ಹೇಳ್ತಿದೀನಿ. ಅವನೂ ಅಂದ, ನೀನೂ ಅಂದೆ, 'ಅದು ನಮ್ಮ ದಾರಿ ಅಲ್ಲಮ್ಮ' ಅಂತ. ಇವತ್ತು ಕಾನೂನೇ ದಾರಿ ಮಾಡ್ತು ಬಿಡು."

ಇತ್ತ ವೈಫಾತುವಿನಲ್ಲಿ ಮಧ್ಯಾಹ್ನವೇ ಅಳು ಶುರುವಾಗಿತ್ತು. ಆಪಿಯಾದಿಂದ ಬಂದವರೊಬ್ಬರು ಬಸ್ಸಿಗೂ ಪಿಕಪ್ಪಿಗೂ ಡಿಕ್ಕಿಯಾಯಿತೆಂದರು. ಇನ್ನೊಬ್ಬರು ಪಿಕಪ್ಪು ಕಡಲು ಸೇರಿತೆಂದರು. ಊರು ಆಪಿಯಾದ ದಿಕ್ಕಿಗೆ ಕಣ್ಣು ನೆಟ್ಟು ಕೂತಿತ್ತು. ಲುಪೆ ಅಂಗಳದಲ್ಲಿ ಗೇಣು ಹಾಕಿದ್ದ ಜಾಗದ ಪಕ್ಕ ಕೂತು, "ಕುಳ್ಳಗಿದ್ರು, ಒಳ್ಳೇವ್ರಾಗಿದ್ರು," ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಸೂತಕದ ಊಟಕ್ಕೆ ದೊಡ್ಡ ಹಂದಿಯೊಂದು ಆಗಲೇ ಬಿಸಿಕಲ್ಲಿನ ಒಲೆಯಲ್ಲಿತ್ತು.

ಸಂಜೆಯ ಪ್ರಾರ್ಥನೆಗೆ ಶಂಖ ಊದಿದರು. ಆ ಹೊತ್ತಿನಲ್ಲಿ ಊರಲ್ಲಿ ಯಾರೂ ಓಡಾಡುವಂತಿಲ್ಲ. ಆಗ ಬೆನ್ನ ಹಿಂದಿನಿಂದ, ಪಡುವಣದಿಂದ, ಗಾಡಿಯೊಂದು ಸದ್ದು ಮಾಡುತ್ತ ಬಂತು. ಸತ್ತವರ ಆತ್ಮ ಹೋಗುವುದು ಪಡುವಣಕ್ಕೆ ಎಂಬುದು ಆ ದ್ವೀಪದ ಹಳೇ ನಂಬಿಕೆ. ಅಲ್ಲಿಂದ ಮರಳಿ ಬಂದವರನ್ನು ಯಾರೂ ನೋಡಿರಲಿಲ್ಲ. ಆ ಗಾಡಿಯಲ್ಲಿ ಲೆಮಾನಾ ಕೂತಿದ್ದ, ಫಲನಿಕೊ ಕೂತಿದ್ದ, ನಡುವೆ ಫಿಸಾಗಜ್ಜಿ ಕೂತಿದ್ದಳು, ಹಿಂದೆ ಸಾಪೊಲು ಕೋಲು ಊರಿ ನಿಂತಿದ್ದ. ಮೈಯೆಲ್ಲ ಬಿಳಿ ಧೂಳು.

"ಭೂತ!" ಎಂದು ಯಾರೋ ಕಿರುಚಿದರು. ಪ್ರಾರ್ಥನೆ ಮಾಡುತ್ತಿದ್ದ ಪಾದ್ರಿಗಳೇ ಮೊದಲು ಎದ್ದು ಓಡಿದರು. ಊರು ದಿಕ್ಕಾಪಾಲಾಯಿತು. ಲುಪೆ ಮಾತ್ರ ಓಡಲಿಲ್ಲ. ಕೈಗೆ ಸಿಕ್ಕ ಪಾತ್ರೆಯ ಮುಚ್ಚಳವನ್ನು ಎತ್ತಿ ಬೀಸಿದಳು. ಅದು ಸೀದಾ ಫಲನಿಕೊನ ಹಣೆಗೆ ಬಡಿಯಿತು.

"ಅಯ್ಯೋ, ನಾನು ಕಣೇ!"

ನೆತ್ತರು ಕಂಡ ಮೇಲೆ ಲುಪೆಗೆ ನಂಬಿಕೆ ಬಂತು. ಗಂಡನನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಅಳು ಮುಗಿದೊಡನೆ, "ಬೆಳಗ್ಗೆ ಹೋದೋರು ಈಗ ಬರೋದಾ? ಎಲ್ಲಿ ಸುತ್ತೋಕ್ ಹೋಗಿದ್ರಿ?" ಎಂದು ಬೈಯತೊಡಗಿದಳು. ಇಷ್ಟು ಹಿತವಾದ ಬೈಗುಳವನ್ನು ಫಲನಿಕೊ ಎಂದೂ ಕೇಳಿರಲಿಲ್ಲ. ಸೂತಕದ ಹಂದಿಯನ್ನು ಎಲ್ಲರೂ ಸೇರಿ ಸಂತೋಷದಿಂದ ತಿಂದರು. ಸತ್ತವರೇ ಹೆಚ್ಚು ತಿಂದರೆಂದು ಹೇಳುತ್ತಾರೆ.

ಮುಂದಿನ ಶನಿವಾರ ಊರ ಸಭೆ ಸೇರಿತು. ಕಾನೂನು ತಿದ್ದುವ ಮಾತಿತ್ತು. ಫಲನಿಕೊ ಇಡೀ ವಾರ ಯೋಚಿಸಿ, ಗೋರಿಗಳಿಗೆಲ್ಲ ಕೈಮುಗಿದು, ನಿಜ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಬಂದಿದ್ದ. ಅವನು ಎದ್ದು ನಿಂತ. ಅಷ್ಟರಲ್ಲಿ ಫಿಸಾಗಜ್ಜಿ ಕೋಲೂರಿಕೊಂಡು ಬಂದು ಸಭೆಯ ಮೆಟ್ಟಿಲ ಮೇಲೆ ಕೂತಳು.

"ಕಾನೂನು ಮುಟ್ಬೇಡ ಲೆಮಾನಾ. ಸೋಮವಾರ ನಾನು ಮತ್ತೆ ಆಸ್ಪತ್ರೆಗೆ ಹೋಗ್ಬೇಕು. ಇನ್ನು ಮೇಲೆ ಪ್ರತಿ ಸೋಮವಾರಾನೂ ಅಂತ ಡಾಕ್ಟ್ರು ಹೇಳಿದಾರೆ."

ಡಾಕ್ಟ್ರು ಯಾವಾಗ ಹೇಳಿದರೆಂದು ಕೇಳುವ ಧೈರ್ಯ ಲೆಮಾನಾಗೆ ಇರಲಿಲ್ಲ. ಕಾನೂನು ಇದ್ದಂತೆಯೇ ಉಳಿಯಿತು.

ಫಲನಿಕೊ ಇನ್ನೂ ನಿಂತೇ ಇದ್ದ. ಪ್ರತಿ ಸೋಮವಾರ! ಇಡೀ ದ್ವೀಪ! ಆ ಘಾಟಿ, ಆ ಬಸ್ಸುಗಳು! "ದೊಡ್ಡೋರೇ, ನಾನೊಂದು ಮಾತು..." ಎಂದ.

ಅಜ್ಜಿ ಅವನ ಕಡೆ ತಿರುಗಿ ಮುದ್ದಾಗಿ ನಕ್ಕಳು. "ಫಲನಿಕೊ, ಅಲ್ಲಿ ಸೇಬು ಸಿಹಿಯಾಗಿದ್ವೇನೋ?"

ಫಲನಿಕೊ ನಿಧಾನವಾಗಿ ಕೂತುಕೊಂಡ.

"ಸೋಮವಾರ ಎಷ್ಟು ಹೊತ್ತಿಗೆ ಬರ್ಲಿ ಅಜ್ಜಿ?"